ಬೀಗರಿಗಿಂತ ಮೊದಲೇ ಬಂದ ಹಳ್ಳ

ಮೊನ್ನೆ ನಮ್ಮ ಕಾಕಾನ ಮಗಳು ಶಕುಂತಲಾಳ ಮದುವೆಯಲ್ಲಿ ಊಟದ ಹಂದರ ಹಾಕಿದ್ದು ಹಳ್ಳದಲ್ಲಿ. ದಂಡೆಯ ಮೇಲಲ್ಲ ಸ್ವಾಮಿ, ಹಳ್ಳದ ಒಳಗೆ!

ನಗಬೇಡಿ. ಮುದ್ದೇಬಿಹಾಳದ ಕಡೆ ಹಳ್ಳ ಎಂದರೆ ನೀರು ಅಂತ ಅರ್ಥವಲ್ಲ. ಅದು ಊರಿನ ದೊಡ್ಡ ಮೈದಾನ. ಅಲ್ಲಿ ಕ್ರಿಕೆಟ್ ನಡೆಯುತ್ತದೆ, ಇಸ್ಪೀಟು ನಡೆಯುತ್ತದೆ, ಎಲೆಕ್ಷನ್ ಭಾಷಣವೂ ನಡೆಯುತ್ತದೆ. ಮೆತ್ತನೆಯ ಉಸುಕು, ಬಾಡಿಗೆ ಕೇಳುವವರಿಲ್ಲ. ಮದುವೆಯ ಊಟಕ್ಕೆ ಇನ್ನೇನು ಬೇಕು?

ನಮ್ಮ ಕಾಕಾ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. (ಈ ಮಾತು ನೆನಪಿರಲಿ.) "ಮಳಿ ಬಂದ್ರ ಏನ್ ಮಾಡ್ತೀ ಕಾಕಾ?" ಎಂದೆ. ಆತ ಆಕಾಶಕ್ಕೆ ಕೈ ತೋರಿಸಿದ. "ಒಂದರೆ ಮೋಡ ಐತೇನಲೇ? ಕಣ್ಣು ತಗದು ನೋಡು."

ನಿಜ, ಒಂದು ಚೂರು ಮೋಡವಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಫೋನು ಬಂತು. ಗಂಡಿನ ಕಡೆಯವರದು ಬಾಗೇವಾಡಿ ಕಡೆಯ ಗುಡ್ಡದ ಊರು. ನಮ್ಮ ಹಳ್ಳ ಹುಟ್ಟುವುದೂ ಅದೇ ಗುಡ್ಡದಲ್ಲಿ. ಆ ಕಡೆಯಿಂದ ಬೀಗರು ಒದರುತ್ತಿದ್ದರು. "ಮಾಸ್ತರ, ನಮ್ಮಲ್ಲಿ ನಸುಕಿನಿಂದ ಅಡ್ಡಮಳಿ ಜಡದ ಬಿಟ್ಟೈತ್ರಿ! ಹೊರಡೂದು ಸ್ವಲ್ಪ ಲೇಟಾಗ್ತೈತಿ."

"ಛಲೋ ಶಕುನ ಆತು ಬಿಡ್ರಿ! ಸಾವಕಾಶ ಬರ್ರಿ," ಅಂದ ನಮ್ಮ ಭೂಗೋಳದ ಮಾಸ್ತರ. ಎಲ್ಲರ ಬಾಯಿಗೂ ಸಕ್ಕರೆ ಹಾಕಿದ. ನಾವೂ ಚಪ್ಪರಿಸಿದೆವು.

ಬೋಳು ಗುಡ್ಡ. ಹೆಸರಿಗೊಂದು ಗಿಡವಿಲ್ಲ, ಒಂದು ಒಡ್ಡು ಇಲ್ಲ. ಅಲ್ಲಿ ಬಿದ್ದ ನೀರು ಎಲ್ಲಿಗೆ ಹೋಗಬೇಕು? ನಮ್ಮ ಮನೆತನದಲ್ಲಿ ಡಿಗ್ರಿಗಳಿಗೇನು ಬರವೇ? ಒಬ್ಬನಿಗಾದರೂ ಹೊಳೆಯಬಾರದೇ!

ಹಂದರದಲ್ಲಿ ಎಲೆ ಹಾಕುತ್ತಿದ್ದೆವು. ಬಿಸಿಲು ತಲೆ ಸುಡುತ್ತಿತ್ತು. ದೂರದಲ್ಲಿ ಲಾರಿ ಬಂದ ಹಾಗೆ ಸಪ್ಪಳ. "ಬೀಗರು ಬಂದ್ರು!" ಎಂದು ಬಾಜಾದವರು ಊದಲು ಶುರು ಮಾಡಿದರು.

ಬಂದದ್ದು ಬೀಗರಲ್ಲ, ಬೀಗರ ಊರಿನ ನೀರು. "ಹಳ್ಳಾ ಬಂತೋ!" ಎಂದು ಯಾರೋ ಚೀರಿದ್ದೇ ತಡ, ಎಲ್ಲರೂ ಬಿದ್ದು ಎದ್ದು ದಂಡೆ ಹತ್ತಿದೆವು. ಹುಗ್ಗಿಯ ಕೊಪ್ಪರಿಗೆಯನ್ನು ಹೇಗೋ ಎತ್ತಿದೆವು. ಸಾರು, ಅನ್ನ, ಬಾಳೆ ಎಲೆ, ಕಾಕಾನ ಹೊಸ ಚಪ್ಪಲಿ ಎಲ್ಲ ಕೃಷ್ಣಾರ್ಪಣ.

ಆಮೇಲೆ ಬೀಗರ ಟೆಂಪೋ ಆಚೆ ದಂಡೆಗೆ ಬಂದು ನಿಂತಿತು. ಹುಡುಗಿ ಈಚೆ, ಹುಡುಗ ಆಚೆ, ನಡುವೆ ಕೆಂಪು ನೀರು. ತಲೆಗೆ ಅಕ್ಕಿಕಾಳು ಬೀಳುವ ಮುಹೂರ್ತದ ಟೈಮು ಹತ್ತಿರ ಬಂತು. ಮದುಮಗ ಧೋತರ ಮೇಲೆ ಕಟ್ಟಿದ. ಈಜಿ ಬಂದು ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಕಿ! ಗೆಳೆಯರು ಸೀಟಿ ಹೊಡೆದು ಹುರಿದುಂಬಿಸಿದರು. ಆ ನೀರಿಗೆ ಇಳಿದವ ಮದುವೆಗೆ ಸಿಗುತ್ತಿರಲಿಲ್ಲ.

ಆಗ ಶಕುಂತಲಾ ಬಾಸಿಂಗ ಕಿತ್ತು ಕೈಯಲ್ಲಿ ಹಿಡಿದು ಓಡಿ ಬಂದಳು. "ಏಯ್, ಇಳೀಬ್ಯಾಡ್ರಿ! ನೀರಾಗ ಕಾಲಿಟ್ರ ನಾ ಈ ಮದುವಿನ ಆಗಂಗಿಲ್ಲ!"

ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಮದುಮಗ ಧೋತರ ಕೆಳಗೆ ಬಿಟ್ಟ. ಐನೋರು ಪಂಚಾಂಗವನ್ನು ತೆಗೆಯದೆಯೇ ಗೋಧೂಳಿ ಮುಹೂರ್ತ ಹುಡುಕಿಕೊಟ್ಟರು. ಸಂಜೆಯೊಳಗೆ ನೀರು ಇಳಿಯಿತು, ಅಕ್ಕಿಕಾಳು ಬಿದ್ದವು. ಊಟಕ್ಕೆ ಬರೀ ಹುಗ್ಗಿ.

ಮರುದಿನ ಬೆಳಿಗ್ಗೆ ನೋಡಿದರೆ ಹಳ್ಳದಲ್ಲಿ ಮತ್ತೆ ಅದೇ ಉಸುಕು! ಕೊಪ್ಪರಿಗೆಯನ್ನೇ ತೇಲಿಸುವಷ್ಟು ಬಂದಿದ್ದ ನೀರು ಒಂದು ಬಕೆಟ್‌ಗೂ ಉಳಿದಿರಲಿಲ್ಲ. ಮಗಳನ್ನು ಕಳಿಸುವ ದಿನವೂ ನಮ್ಮ ಕಾಕು ಉಸುಕು ಕೆದರಿ, ಒರತೆಯಿಂದ ಚೆರಿಗೆಯಲ್ಲಿ ಮೊಗೆಮೊಗೆದು ಕೊಡಕ್ಕೆ ಹಾಕುತ್ತಿದ್ದಳು.

ಟೆಂಪೋ ಹತ್ತುವ ಮುಂಚೆ ಶಕುಂತಲಾ ಅದನ್ನು ನೋಡಿದಳು. ಕಣ್ಣು ಒರೆಸಿಕೊಂಡು ನೇರ ಮಾವನ ಹತ್ತಿರ ಹೋದಳು. "ಮಾವಾರ, ನಿಮ್ಮ ಗುಡ್ಡಕ್ಕ ಒಡ್ಡು ಹಾಕಸ್ರಿ. ನೀರು ಹಿಂಗ ಒಮ್ಮೆಲೆ ಕಳಸಬ್ಯಾಡ್ರಿ. ನಮ್ಮವ್ವಗ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಬರ್ಲಿ."

"ಹುಡುಗಿ ಭಾಳ ಜೋರ್ ಅದಾಳ್ರಿ," ಎಂದು ಬೀಗರು ನಕ್ಕರು. ಕಾಕಾ ಮಾತ್ರ ಉಸುಕಿನಲ್ಲಿ ಹಂದರದ ಗಳ ಹುಡುಕುತ್ತಿದ್ದ. "ಸಣ್ಣ ಮಗಳ ಮದುವಿಗೂ ಈ ಗಳ ಬೇಕಲ್ಲಲೇ," ಅಂದ.

"ಅದರ ಹಂದರ ಎಲ್ಲಿ ಕಾಕಾ?" ಎಂದೆ.

"ಮತ್ತೆಲ್ಲಿ? ಇಲ್ಲೇ! ಇಷ್ಟು ಸಾಪ್ ಜಾಗಾ ಊರಾಗ ಇನ್ನೆಲ್ಲೈತಿ?"

ಈಗ ಹೇಳಿ, ಆ ಮನೆಯಲ್ಲಿ ಭೂಗೋಳ ಕಲಿತವರು ಯಾರು?