ಪೆಟಿಫಾಗರ್ ಎಂಬ ಬಿರುದು

ನುಸಿಗುಳಿಗೆಯ ವಾಸನೆ ಹತ್ತಿದ ಪುಸ್ತಕ ತೆರೆದರೆ ಮೊದಲು ಸೀನು ಬರುತ್ತದೆ, ಆಮೇಲೆ ನೆನಪು. ಮೊನ್ನೆ ಗುಂಡ್ಲುಪೇಟೆಯ ನಮ್ಮ ಮನೆ ಜಗಲಿಯಲ್ಲಿ ಹಳೆಯ ಕಾನೂನು ಪುಸ್ತಕಗಳನ್ನು ಬಿಸಿಲಿಗೆ ಹರಡಿ ಕುಳಿತಿದ್ದೆ. ಅವುಗಳ ನಡುವೆ ಇಟ್ಟಿಗೆ ಗಾತ್ರದ ಒಂದು ಇಂಗ್ಲಿಷ್ ನಿಘಂಟು. ಇಡೀ ಪುಸ್ತಕದಲ್ಲಿ ಒಂದೇ ಒಂದು ಪದದ ಕೆಳಗೆ ಕೆಂಪು ಶಾಯಿಯ ಗೆರೆಯಿದೆ. ಎಳೆದವನು ನಾನೇ. ಪದ, ಪೆಟಿಫಾಗರ್.

ಆ ಪದವನ್ನು ನನಗೆ ದಯಪಾಲಿಸಿದವರು ಒಬ್ಬ ನ್ಯಾಯಾಧೀಶರು. ಆಗ ನಾನು ದಿನಾ ಬೆಳಗ್ಗೆ ಬಸ್ಸು ಹಿಡಿದು ಚಾಮರಾಜನಗರದ ಕೋರ್ಟಿಗೆ ಹೋಗುತ್ತಿದ್ದ ವಕೀಲ. ನನ್ನ ವಾದ ಕೇಳಿ ಅವರು ಕನ್ನಡಕ ತೆಗೆದು, ನಿಧಾನವಾಗಿ, ‘ಯು ಆರ್ ಎ ಪೆಟಿಫಾಗರ್’ ಎಂದರು. ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಹೊಗಳಿಕೆಯೇ ಇರಬೇಕೆಂದುಕೊಂಡು ತಲೆಬಾಗಿ ‘ಒಬ್ಲೈಜ್ಡ್’ ಎಂದೆ. ಹಿಂದಿನ ಬೆಂಚಿನ ಹಿರಿಯರೊಬ್ಬರು ಕೆಮ್ಮಿದರು. ಆ ಕೆಮ್ಮು ಸಂಶಯ ತಂದಿತು. ಮನೆಗೆ ಬಂದವನೇ ನಿಘಂಟು ತೆಗೆದೆ.

ಸಣ್ಣಪುಟ್ಟ ಕೊಂಕು ಹುಡುಕಿ ನ್ಯಾಯವನ್ನು ಎಳೆದಾಡುವ ಕ್ಷುದ್ರ ವಕೀಲ ಎಂದಿತ್ತು. ನಾಲ್ಕು ಶತಮಾನಕ್ಕೂ ಹಳೆಯ ಬೈಗುಳವಂತೆ. ಪೆಟಿ ಎಂದರೆ ಸಣ್ಣದು, ಅದರಲ್ಲಿ ಅನುಮಾನವಿಲ್ಲ. ಫಾಗರ್ ಎಂಬುದರ ಹುಟ್ಟು ಮಾತ್ರ ಯಾರಿಗೂ ಖಚಿತವಿಲ್ಲ. ಜರ್ಮನಿಯ ಕಡೆಯ ಒಂದು ದೊಡ್ಡ ಸಾಹುಕಾರ ಮನೆತನದ ಹೆಸರೇ ಜನರ ಬಾಯಲ್ಲಿ ಸವೆದು ಬೈಗುಳವಾಯಿತೆಂದು ಕೆಲವರು ಹೇಳುತ್ತಾರೆ. ನಾನಂತೂ ಮಂಜು ಎಂಬರ್ಥದ ಫಾಗ್ ಅಂದುಕೊಂಡಿದ್ದೆ. ಮಂಜಿಗೂ ಅದಕ್ಕೂ ನಂಟಿಲ್ಲವಂತೆ. ಇಷ್ಟೆಲ್ಲ ಓದಿ ನನಗೆ ಅವಮಾನವಾಗಬೇಕಿತ್ತು. ಕೇಸು ನನ್ನ ಕಡೆಗೇ ವಾಲುತ್ತಿತ್ತಾದ್ದರಿಂದ ಆಗಲಿಲ್ಲ. ಗೆರೆ ಎಳೆದು, ಊಟ ಮಾಡಿ ಮಲಗಿದೆ.

ಕೇಸು ಏನೆಂದು ನೀವು ಕೇಳುತ್ತೀರಿ. ಒಂದು ದಾರಿಯದು. ಉಡಿಗಾಲದ ಆಚೆಯ ಒಂದು ಹಳ್ಳಿ. ರಸ್ತೆ ಬದಿಯಲ್ಲಿ ನನ್ನ ಕಕ್ಷಿದಾರ ಗುರುಮಲ್ಲಪ್ಪನ ಹೊಲ, ಅದರ ಹಿಂದೆ ಪುಟ್ಟಗೌರಮ್ಮ ಎಂಬ ವಿಧವೆಯ ಎರಡು ಎಕರೆ. ಅವಳು ಗುರುಮಲ್ಲಪ್ಪನ ಹೊಲದ ಅಂಚಿನಲ್ಲಿ ಹಾದು ತನ್ನ ಹೊಲ ಸೇರಬೇಕು. ಇವನು ಆ ದಾರಿಯನ್ನೂ ಉತ್ತು ಅರಿಶಿನ ನೆಟ್ಟು ಬೇಲಿ ಬಿಗಿದ. ಅವಳು ದಾವೆ ಹೂಡಿದಳು. ದಾವೆಯಲ್ಲಿ ‘ಹುಣಸೆಮರದ ಪಶ್ಚಿಮಕ್ಕೆ ಹಾದುಹೋಗುವ ಗಾಡಿದಾರಿ’ ಎಂದು ಬರೆದಿತ್ತು. ಆ ಮರವನ್ನು ಗುರುಮಲ್ಲಪ್ಪ ಹಿಂದಿನ ವರ್ಷವೇ ಕಡಿಸಿದ್ದ. ಮರವೇ ಇಲ್ಲದ ಮೇಲೆ ಅದರ ಪಶ್ಚಿಮ ಎಲ್ಲಿಂದ ಬಂತು, ಹಾಗಾಗಿ ಇಂಥ ದಾರಿಯೇ ಇಲ್ಲ ಎಂಬುದು ನನ್ನ ವಾದ. ಬಿರುದು ಸಿಕ್ಕಿದ್ದು ಇದಕ್ಕೇ.

ನಾನು ಬದುಕಿನಲ್ಲಿ ಸುಳ್ಳು ಹೇಳಿದವನಲ್ಲ. ಬರೀ ಪ್ರಶ್ನೆ ಕೇಳುತ್ತಿದ್ದೆ. ಸ್ಥಳ ನೋಡಲು ಕೋರ್ಟ್ ಕಮಿಷನರ್ ಬರುವ ವಾರ, ‘ಮರದ ಬೊಡ್ಡೆ ಇನ್ನೂ ಇದೆಯೇ?’ ಎಂದು ಗುರುಮಲ್ಲಪ್ಪನನ್ನು ಕೇಳಿದೆ, ಅಷ್ಟೆ. ಕಮಿಷನರ್ ಹೋದಾಗ ಅಲ್ಲಿ ಉತ್ತ ಮಣ್ಣು ಮಾತ್ರ ಇತ್ತು.

ಕೇಸು ಏಳು ವರ್ಷ ನಡೆಯಿತು. ಪ್ರತಿ ವಾಯಿದೆಗೂ ಪುಟ್ಟಗೌರಮ್ಮ ಬಂದು ಕೋರ್ಟಿನ ಜಗಲಿಯ ಮೇಲೆ ಸೆರಗು ಹೊದ್ದು ಕೂರುತ್ತಿದ್ದಳು. ಎದುರುಪಕ್ಷದ ವಕೀಲನೆಂಬ ಕೋಪವೂ ಅವಳಿಗಿರಲಿಲ್ಲ. ಒಂದು ದಿನ ನನ್ನನ್ನು ತಡೆದು ಕೇಳಿದಳು.

‘ಮರ ಕಡ್ದುಬುಟ್ರ ದಾರಿನೂ ಒಂಟೋದದಾ ಸ್ವಾಮಿ? ನಾ ಮದ್ವಾಗಿ ಬಂದಾಗ್ಲಿಂದ್ಲೂ ಅಲ್ಲೇ ತಿರುಗಾಡಿರದು.’

‘ಅದನ್ನು ಕೋರ್ಟು ತೀರ್ಮಾನ ಮಾಡುತ್ತದೆ ತಾಯಿ.’

‘ಗೊಬ್ರ ಒಡ್ಯಾಕ ಬ್ಯಾಡ, ಫಸ್ಲು ತರಾಕೂ ಬ್ಯಾಡ ಬುಡಿ. ಅಳ್ಳ ಬಳಸ್ಕಂಡು ಎಂಗೋ ಒಯ್ತೀವಿ. ನಮ್ಮೆಜಮಾನ್ರ ಪಕ್ಕಕ್ಕ ನಾ ಒಂದ್ಸಲ ಓಗ್ಬೇಕಲ್ಲ, ಅದೊಂದ್ಕ ದಾರಿ ಬುಡ್ಸಿ, ಸಾಕು.’

ಅವಳ ಗಂಡನ ಸಮಾಧಿ ಆ ಹೊಲದಲ್ಲಿತ್ತು. ಆ ಕಡೆ ಲಿಂಗವಂತರು ತಮ್ಮವರನ್ನು ತಮ್ಮ ಹೊಲದಲ್ಲೇ ಇಡುತ್ತಾರೆ. ನಾನು ಗಡಿಯಾರ ನೋಡಿಕೊಂಡು ಒಳಗೆ ಹೋದೆ.

ಅವಳು ತೀರಿಕೊಂಡದ್ದು ಮಳೆಗಾಲದಲ್ಲಿ. ಬೆಳಗ್ಗೆ ಇಡ್ಲಿ ತಿನ್ನುತ್ತಿದ್ದಾಗ ಗುರುಮಲ್ಲಪ್ಪನ ಫೋನು ಬಂತು.

‘ಲಾಯರೇ, ಗೌರಮ್ಮ ತೀರೋದ್ಲು. ಅವ್ಳ ಮಗ ನಾಗಮಲ್ಲು ಬಂದು ನಮ್ಮ ಬಾಗ್ಲಲ್ಲಿ ನಿಂತವ್ನ. ಅಳ್ಳ ತುಂಬಿ ಅರೀತದ. ನಮ್ಮನೇಲೂ ಬುಟ್ಬುಡಿ ಅಂತಾರ. ಒಂದ್ಸಲ ಬುಟ್ರ ಕೇಸ್ಗ ಏನಾರ ಆದದಾ?’

‘ಬಿಟ್ಟರೆ ದಾರಿ ಇತ್ತೆಂದು ನೀವೇ ಒಪ್ಪಿದಂತೆ. ಊರೆಲ್ಲ ಸಾಕ್ಷಿ.’

‘ಎಣ ಲಾಯರೇ. ಎಣ ಒತ್ಕಂಡೋಗದು.’

‘ಕೋರ್ಟಿಗೆ ಅದೂ ಓಡಾಟವೇ.’

ಅವನು, ‘ಸರಿ, ನೀವು ಯೋಳ್ದಂಗೇ ಆಗ್ಲಿ’ ಎಂದು ಫೋನಿಟ್ಟ.

ಈಗ ನಿಮಗೊಂದು ವಿಷಯ ಹೇಳಬೇಕು. ‘ನಮ್ಮ ಹಕ್ಕಿಗೆ ಬಾಧೆಯಿಲ್ಲದಂತೆ ಈ ಒಂದು ದಿನದ ಮಟ್ಟಿಗೆ ಅನುಮತಿ ಕೊಟ್ಟಿದ್ದೇವೆ’ ಎಂದು ನಾಲ್ಕು ಸಾಲು ಬರೆಸಿ, ನಾಗಮಲ್ಲುವಿನ ಸಹಿ ಹಾಕಿಸಿಕೊಂಡಿದ್ದರೆ ಕೇಸಿಗೆ ಏನೂ ಆಗುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲವೆಂದಲ್ಲ. ಫೋನು ಕೈಯಲ್ಲಿರುವಾಗಲೇ ಹೊಳೆದಿತ್ತು. ಏಳು ವರ್ಷ ಕೂದಲು ಸೀಳಿ ಕಟ್ಟಿದ ಕೇಸು, ಅದರ ಮೇಲೆ ಯಾರ ಹೆಜ್ಜೆಯೂ ಬೀಳಬಾರದೆಂಬ ಹಮ್ಮು ನನ್ನದು. ಅದಕ್ಕೆ ಬೇರೆ ಹೆಸರಿಲ್ಲ.

ವಿಮಾನವೆಂಬ ಅಲಂಕಾರದ ಚಟ್ಟ ಕಟ್ಟಿ ಅದರಲ್ಲಿ ಕೂರಿಸಿದ ಶವವನ್ನು ಹೊತ್ತು ತುಂಬಿದ ಹಳ್ಳ ದಾಟಲಾಗುವುದಿಲ್ಲ. ಊರಾಚೆಯ ಗೋಮಾಳದಲ್ಲಿ ಅವಳನ್ನು ಒಬ್ಬಳನ್ನೇ ಇಟ್ಟರು. ವಾರಸುದಾರರು ಗಡುವಿನೊಳಗೆ ಅರ್ಜಿ ಹಾಕಲಿಲ್ಲವೆಂದು ದಾವೆ ತಾನಾಗಿ ಬಿದ್ದುಹೋಯಿತು. ನಾವು ಗೆದ್ದೆವು. ನಿಘಂಟಿನಲ್ಲಿ ಆ ಪದಕ್ಕೆ ‘ಸಣ್ಣ’ ಎಂಬುದನ್ನು ಯಾಕೆ ಅಂಟಿಸಿದರೋ ನನಗೆ ಇವತ್ತಿಗೂ ತಿಳಿಯದು. ಅಲ್ಲಿ ಯಾವುದು ಸಣ್ಣದಿತ್ತು?

ಪುಸ್ತಕಗಳನ್ನು ಒಳಗಿಡುವ ಹೊತ್ತಿಗೆ ಗೇಟು ತೆರೆದು ಒಬ್ಬ ಬಂದ. ತಲೆ ನರೆತಿತ್ತು. ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು, ನಾಗಮಲ್ಲು. ಗುರುಮಲ್ಲಪ್ಪನ ಮಕ್ಕಳು ಭಾಗವಾಗಿ ರಸ್ತೆ ಬದಿಯ ತುಂಡನ್ನು ಮಾರಿದ್ದರಂತೆ, ಕೊಂಡವನು ಇವನು. ಗುರುಮಲ್ಲಪ್ಪನ ಹಿರಿಯರ ಸಮಾಧಿಗಳಿರುವ ಹಿಂದಿನ ತುಂಡಿಗೆ ಹೋಗಲು ಈಗ ಇವನ ಬೇಲಿಯೇ ಅಡ್ಡ. ಗುರುಮಲ್ಲಪ್ಪ ಹಾಸಿಗೆ ಹಿಡಿದು ಎರಡು ತಿಂಗಳಾಯಿತಂತೆ.

‘ಇವತ್ತೋ ನಾಳ್ಯೋ ಅನ್ನಂಗವ್ನ. ಅಷ್ಟ್ರಲ್ಲಿ ಅವ್ರು ಯಾರೂ ನಮ್ಮೊಲ ದಾಟ್ದಂಗ ಕೋರ್ಟಿಂದ ಒಂದು ತಡೆ ತಂದ್ಕೊಡ್ಬೇಕು ಸ್ವಾಮಿ’ ಎಂದು ವಿನಯವಾಗಿ ಹೇಳಿ, ಜಗಲಿಯ ತುದಿಯಲ್ಲಿ ಕೂತ.

ನಾನು ಕೇಸು ನಡೆಸುವುದು ಬಿಟ್ಟಿದ್ದೇನೆ ಎಂದೆ. ಅವನು ಏಳಲಿಲ್ಲ. ಇಷ್ಟು ವರ್ಷ ಹೆಂಡತಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದೆ. ‘ನಾಗಮಲ್ಲು, ಅವತ್ತು ಗುರುಮಲ್ಲಪ್ಪ ದಾರಿ ಬಿಡಲು ತಯಾರಿದ್ದ. ಬೇಡ ಅಂದವನು ನಾನು.’

ಅವನು ಬೈಯುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಅಂಗಿಯ ಒಳಜೇಬಿನಿಂದ ಮಡಿಸಿದ ಪಹಣಿ ತೆಗೆದು, ಬಿಡಿಸಿ, ನನ್ನ ಮುಂದಿಟ್ಟ.

‘ಅದು ನಂಗ ಅವತ್ತೇ ಗೊತ್ತು. ನೀವು ಯೋಳ್ದಂಗೇ ಆಗ್ಲಿ ಅಂತ ಗುರುಮಲ್ಲಪ್ಪ ಫೋನಲ್ಲಿ ಅಂದದ್ದ ಅವ್ರ ಬಾಗ್ಲಲ್ಲಿ ನಿಂತ್ಕಂಡು ಕೇಳುಸ್ಕಂಡಿವ್ನಿ. ಅದ್ಕೇಯ ಸ್ವಾಮಿ, ಬ್ಯಾರೆ ಯಾರ್ತಾವ್ಕೂ ಓಗ್ದೆ ನಿಮ್ತಾವ್ಕ ಬಂದಿರದು.’