ನರಿಗೆ ಸಾಕು, ಜಿಂಕೆಗಲ್ಲ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ಒಂದು ವರ್ಷ ನಮ್ಮ ಮನೆಯ ಆಯುಧ ಪೂಜೆಯ ಸಾಲಿನಲ್ಲಿ ಕೋವಿಯೂ ಇತ್ತು. ಹೌದು ಮಕ್ಕಳೇ, ನಿಜವಾದ ಕೋವಿ. ಹಾಗೆ ಕಣ್ಣರಳಿಸಬೇಡಿ, ಅದು ನಮ್ಮದಾಗಿರಲಿಲ್ಲ.

ಎಂಬತ್ತರ ದಶಕ ಅದು. ನಾವು ಒಮಾನಿನ ರುಸ್ತಾಕಿನಲ್ಲಿದ್ದೆವು. ಅಪ್ಪ ಅಲ್ಲಿನ ಪೇಟೆಯಲ್ಲಿ ಒಬ್ಬ ಒಮಾನಿ ಯಜಮಾನರ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದರು. ಅವರೇ ನಮ್ಮ ಕಫೀಲ್. ಅಪ್ಪನ ವೀಸಾ ಇದ್ದದ್ದು ಅವರ ಹೆಸರಿನಲ್ಲಿ. ಅವರು ಒಂದು ಮಾತು ಹೇಳಿದರೆ ಸಾಕು, ಅಪ್ಪ, ಅಮ್ಮ, ಅಕ್ಕ, ನಾನು ಎಲ್ಲರೂ ಗಂಟುಮೂಟೆ ಕಟ್ಟಿ ವಿಮಾನ ಹತ್ತಬೇಕಿತ್ತು. ಅವರ ಖರ್ಜೂರದ ತೋಟದ ಮೂಲೆಯಲ್ಲೇ ನಮ್ಮ ಮನೆ. ಬಾಗಿಲು ತೆಗೆದರೆ ಕಾಲುವೆ ನೀರಿನ ತಂಪು, ಚಾಪೆಯ ಮೇಲೆ ಒಣಗುವ ಖರ್ಜೂರದ ಸಿಹಿ ವಾಸನೆ, ಅದರ ಸುತ್ತ ಗುಂಯ್‌ಗುಡುವ ಕಣಜಗಳು. ಕದ್ದು ತಿನ್ನಲು ಹೋಗಿ ಅಕ್ಕನೂ ನಾನೂ ಎಷ್ಟೋ ಸಲ ಕಡಿಸಿಕೊಂಡಿದ್ದೇವೆ.

ತೋಟದ ಕೋಳಿಗಳ ಮೇಲೆ ನರಿಗಳಿಗೆ ಕಣ್ಣು. ಅವನ್ನು ಹೊಡೆಯಲೆಂದೇ ಕಫೀಲರು ಒಂದು ಸಣ್ಣ ಕೋವಿ ಇಟ್ಟುಕೊಂಡಿದ್ದರು. ಅದರ ಗುಂಡು ಒಣ ಬಟಾಣಿಯಷ್ಟೂ ದಪ್ಪವಿರಲಿಲ್ಲ. ಅಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಅವರು ಒಮ್ಮೆ ಕಂಡು, "ಇದನ್ನೂ ಒರೆಸಿ ಕೊಡುತ್ತೀಯಾ?" ಎಂದು ತಮಾಷೆಗೆ ಕೋವಿ ತೋರಿಸಿದರಂತೆ. ಅಮ್ಮ ಮೊದಲು ಒಳಗೆ ಗುಂಡಿಲ್ಲವೆಂದು ತೆರೆದು ನೋಡಿ, ಆಮೇಲೆ ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆದು, ಫಳಫಳ ಹೊಳೆಯುವ ಹಾಗೆ ಮಾಡಿ ಕೊಟ್ಟಳು. ಅವಳ ತವರು ಘಟ್ಟದ ಬುಡದಲ್ಲಿ. ಅವಳ ತಂದೆ ಹಂದಿ ಬೇಟೆಯಲ್ಲಿ ಹೆಸರಾದವರು. ನಮ್ಮಪ್ಪನೋ, ದೀಪಾವಳಿ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಆಸಾಮಿ! ಅಂದಿನಿಂದ ಕೋವಿಗೆ ಎಣ್ಣೆ ಬೇಕಾದಾಗಲೆಲ್ಲ ಕಫೀಲರು ಅದನ್ನು ಅಮ್ಮನ ಕೈಗೇ ಕೊಡುತ್ತಿದ್ದರು.

ಆ ವರ್ಷ ಆಯುಧ ಪೂಜೆ ಶುಕ್ರವಾರ ಬಂದಿತ್ತು. ಅಂಗಡಿಗೆ ರಜೆ. ಅಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಹೊಲಿಗೆ ಯಂತ್ರ, ಮೆಟ್ಟುಕತ್ತಿ, ತುರಿಮಣೆ, ಅಪ್ಪನ ಸ್ಪಾನರುಗಳು, ಅಕ್ಕನ ಕಂಪಾಸ್ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಇಟ್ಟಳು. ಎಣ್ಣೆಗೆಂದು ಬಂದಿದ್ದ ಕೋವಿಯನ್ನೂ ಕೊನೆಯಲ್ಲಿ ಇಟ್ಟಳು. ಅದಕ್ಕೆ ಮಾತ್ರ ಕುಂಕುಮ ಹಚ್ಚಲಿಲ್ಲ. "ಅವರ ವಸ್ತು, ಅವರ ದೇವರು. ನಾವು ಬೊಟ್ಟು ಇಡುದು ಸರಿಯಲ್ಲ" ಎಂದು ಎದುರಿಗೆ ಒಂದು ದಾಸವಾಳ ಇಟ್ಟಳಷ್ಟೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಎತ್ತಬಾರದೆಂಬುದು ನಮ್ಮ ಪದ್ಧತಿ. ಹಾಗಾಗಿ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟಾಗಿತ್ತು. ಮನೆ ತುಂಬ ಊದುಬತ್ತಿ ಮತ್ತು ಕಡಲೆಬೇಳೆ ಪಾಯಸದ ಪರಿಮಳ.

ಮಂಗಳಾರತಿ ಮುಗಿಯುವ ಹೊತ್ತಿಗೆ ಧೂಳೆಬ್ಬಿಸುತ್ತ ಒಂದು ಜೀಪು ಬಂತು. ಇಳಿದವನು ಕಫೀಲರ ಮಗ. ಮಸ್ಕತ್ತಿನ ಖುರುಮಿನಲ್ಲಿ ಅವನಿಗೆ ಆಫೀಸಿತ್ತು. ಜೊತೆಗಿಬ್ಬರು ಗೆಳೆಯರು. ಕಫೀಲರು ತಮ್ಮ ಇನ್ನೊಂದು ದೊಡ್ಡ ಬಂದೂಕನ್ನು ಹೆಗಲಿಗೇರಿಸಿ ನಿಜ್ವಾ ಎಂಬ ಊರಿಗೆ ಮದುವೆಗೆ ಹೋಗಿದ್ದರು. ಅಲ್ಲಿನ ಮದುವೆಗಳಲ್ಲಿ ಬಂದೂಕು ಗಂಡಸರ ಆಭರಣ.

"ನಮ್ಮ ಸಣ್ಣ ಕೋವಿ ಇಲ್ಲಿದೆಯಲ್ಲ, ಕೊಡಿ. ಬಯಲಿನ ಕಡೆ ಜಿಂಕೆ ಕಾಣಿಸಿಕೊಂಡಿದೆಯಂತೆ. ಯಲ್ಲಾ, ಬೇಗ!" ಎಂದು ಅವನು ಅಪ್ಪನಿಗೆ ಹಿಂದಿಯಲ್ಲಿ ಹೇಳಿದ.

ಜಿಂಕೆ ಬೇಟೆಗೆ ಸರ್ಕಾರದ ನಿಷೇಧವಿತ್ತು. ಅದು ಅವನಿಗೂ ಗೊತ್ತಿತ್ತು. "ಇದರ ಸದ್ದು ಯಾರಿಗೂ ಕೇಳಿಸುವುದಿಲ್ಲ" ಎಂದು ಗೆಳೆಯನೊಬ್ಬ ಕಣ್ಣು ಮಿಟುಕಿಸಿದ.

ಅಪ್ಪನಿಗೆ ದೇವರೇ ದಾರಿ ತೋರಿಸಿದಂತಾಯಿತು. "ಇವತ್ತು ನಮ್ಮ ಪೂಜೆ, ಸಾಲಿನಿಂದ ಏನನ್ನೂ ಎತ್ತುವ ಹಾಗಿಲ್ಲ" ಎಂದು ಕೈಮುಗಿದರು. ಹುಡುಗನೇನೂ ಕೆಟ್ಟವನಲ್ಲ. ಒಳಗಿನ ದೀಪ ನೋಡಿ ಚಪ್ಪಲಿ ಹಾಕಿದ ಕಾಲನ್ನು ಹಿಂದಕ್ಕೆ ಸರಿಸಿದ. "ಸರಿ, ನಾಳೆ ಬೆಳಿಗ್ಗೆ ಬರುತ್ತೇವೆ" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ಅವಳಿಗೆ ಹಿಂದಿ ಅರ್ಥವಾಗುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಬಾಯಿಗೆ ಬರುತ್ತಿದ್ದದ್ದು ತುಳು.

"ನಾಳೆಯೂ ಕೊಡುದಿಲ್ಲ ಅಂತ ಹೇಳಿ."

"ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ!" ಅಪ್ಪ ಪಿಸುಗುಟ್ಟಿದರು. "ನಾಳೆಯ ವಿಷಯ ನಾಳೆ."

"ದೇವರ ಹಿಂದೆ ಅಡಗಿ ಕೂತ್ಕೊಳ್ಳುದು ಎಂತಕ್ಕೆ? ಇದು ನರಿ ಹೊಡೆಯುವ ಕೋವಿ. ಜಿಂಕೆಗೆ ಆಗ್ಲಿಕ್ಕಿಲ್ಲ. ಹೇಳಿ ಅವನಿಗೆ."

"ಏನಂತೆ?" ಎಂದು ಕಫೀಲರ ಮಗ ಕೇಳಿದ.

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಏನು ಬೇಕಾದರೂ ಹೇಳಬಹುದಿತ್ತು. ಪಾಯಸ ಕುಡಿದು ಹೋಗಿ ಅನ್ನುತ್ತಿದ್ದಾಳೆ ಎಂದರೂ ನಡೆಯುತ್ತಿತ್ತು. ಅವರು ಅಮ್ಮನ ಮುಖ ನೋಡಿದರು, ಜೀಪು ನೋಡಿದರು. ಆಮೇಲೆ ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದರು.

ಹುಡುಗ ನಕ್ಕುಬಿಟ್ಟ. "ನಮ್ಮ ಜಿಂಕೆ ಆಡಿಗಿಂತ ಚಿಕ್ಕದು. ಅದಕ್ಕೆ ಇದು ಸಾಲದೇ?"

"ಆಡನ್ನು ಕಟ್ಟಿ ಹಾಕಿರ್ತಾರೆ, ಜಿಂಕೆ ಓಡ್ತದೆ" ಎಂದಳು ಅಮ್ಮ. "ಒಂದು ಗೇಣು ಆಚೀಚೆ ಆದರೆ ಈ ಗುಂಡು ಮಾಂಸದಲ್ಲಿ ಕೂತುಬಿಡ್ತದೆ. ಪ್ರಾಣಿ ಬೀಳುದಿಲ್ಲ, ಗುಂಡು ಹೊತ್ತುಕೊಂಡೇ ಓಡಿಹೋಗಿ ಕಲ್ಲಿನ ಎಡೆಯಲ್ಲಿ ನರಳಿ ನರಳಿ ಸಾಯ್ತದೆ. ನಿಮ್ಮ ಪದ್ಧತಿಯಲ್ಲಿ ಕೊಯ್ಲಿಕ್ಕೂ ಸಿಗುದಿಲ್ಲ, ತಿನ್ಲಿಕ್ಕೂ ಸಿಗುದಿಲ್ಲ. ಸದ್ದು ಸಣ್ಣದು ಅಂತ ನೋವು ಸಣ್ಣದಾ? ಹೊಡೆದರೆ ಅಲ್ಲೇ ಬೀಳ್ಬೇಕು, ಇಲ್ಲದಿದ್ದರೆ ಕೋವಿ ಎತ್ಲೇಬಾರದು ಅಂತ ನಮ್ಮಪ್ಪ ಹೇಳ್ತಿದ್ರು."

ಅಪ್ಪ ಇದನ್ನೂ ಹೇಳಿದರು. ಹಣೆಯಲ್ಲಿ ಬೆವರು ಹರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. ಹುಡುಗನ ಮುಖ ಕೆಂಪಾಯಿತು. "ಅದು ನನ್ನ ತಂದೆಯ ಕೋವಿ!" ಎಂದ.

"ಹೌದು. ನನ್ನ ಕೈಗೆ ಕೊಟ್ಟದ್ದು ಅವರು, ಅವರ ಕೈಗೇ ಕೊಡ್ತೇನೆ."

ಅಮ್ಮನ ಈ ಮಾತನ್ನು ಹಿಂದಿಯಲ್ಲಿ ಹೇಳುವಾಗ ಅಪ್ಪ "ಅಮಾನತ್" ಎಂಬ ಪದ ಬಳಸಿದರು. ನಂಬಿ ಕೈಗಿತ್ತ ವಸ್ತು ಎಂದು ಅದರ ಅರ್ಥ. ಆ ಮಾತು ಅವನ ಭಾಷೆಯಲ್ಲೂ ಉಂಟು. ಅದನ್ನು ದಾಟಿ ಒಳಗೆ ಕಾಲಿಡಲು ಅವನಿಗೆ ಆಗಲಿಲ್ಲ. "ಖಲಾಸ್! ಇನ್ನು ನನ್ನ ತಂದೆಯ ಹತ್ತಿರ ಮಾತಾಡಿ" ಎಂದು ಗುಡುಗಿ ಹೊರಟುಹೋದ.

ಆ ಮಧ್ಯಾಹ್ನ ಪಾಯಸ ಯಾರಿಗೂ ಸೇರಲಿಲ್ಲ. ಅಪ್ಪ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದರು. ಅಮ್ಮನನ್ನು ಒಂದು ಮಾತೂ ಬೈಯಲಿಲ್ಲ.

ಸಂಜೆ ಕಫೀಲರೇ ಬಂದರು. ಮಗ ಹಿಂದೆಯೇ ಇದ್ದ. ಅವರು ಚಾಪೆಯ ಮೇಲೆ ಕುಳಿತು, ಅಪ್ಪನ ಬಾಯಿಂದ ಎಲ್ಲವನ್ನೂ ಕೇಳಿದರು. ಬಿಳಿ ಗಡ್ಡ ಸವರಿಕೊಳ್ಳುತ್ತ ಅಮ್ಮನತ್ತ ತಿರುಗಿದರು. "ಇದು ಸಾಲದು ಅಂದೆಯಂತೆ. ನನ್ನ ದೊಡ್ಡ ಬಂದೂಕಾದರೆ ಸಾಕೇ?"

"ಬಂದೂಕು ಸಾಕು. ಜಿಂಕೆ ಸಾಲದು" ಎಂದಳು ಅಮ್ಮ, ಈ ಸಲ ತನ್ನ ಹರಕು ಹಿಂದಿಯಲ್ಲಿ.

ಮುದುಕರು ಬಾಗಿಲಾಚೆಯ ಕಾಲುವೆಯತ್ತ ನೋಡಿದರು. "ನಾನು ಹುಡುಗನಾಗಿದ್ದಾಗ ಜಿಂಕೆಗಳು ನಮ್ಮ ಕಾಲುವೆಗೇ ನೀರು ಕುಡಿಯಲು ಬರುತ್ತಿದ್ದವು. ಹಿಂಡು ಹಿಂಡಾಗಿ" ಎಂದರು. ಆಮೇಲೆ ಮಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ಪಾಯಸ ಇಲ್ಲವೇ?" ಎಂದು ಕೇಳಿದರು. ಆಗ ನಮಗೆಲ್ಲ ಉಸಿರು ಬಂತು. ಅಪ್ಪ ಮುಂದೆ ಊರಿಗೆ ಮರಳುವವರೆಗೂ ಅದೇ ಅಂಗಡಿಯಲ್ಲಿ ದುಡಿದರು. ಕೋವಿ ಎಣ್ಣೆಗೆಂದು ಮತ್ತೆ ಮತ್ತೆ ನಮ್ಮ ಮನೆಗೆ ಬಂತು.

ಸ್ವಂತ ಮನೆಯವರನ್ನು ಹೊಗಳಬಾರದಂತೆ. ನಾನು ಹೊಗಳುತ್ತೇನೆ, ಏನೀಗ?

ನಿಮ್ಮ ಟ್ಯಾಬ್‌ನ ಆಟದಲ್ಲಿ ಯಾವ ಕೋವಿಯಿಂದ ಎಲ್ಲಿಗೆ ಹೊಡೆದರೂ ಜಿಂಕೆ ತಟ್ಟನೆ ಬೀಳುತ್ತದೆ, ಅಂಕವೂ ಸಿಗುತ್ತದೆ. ಮರುಕ್ಷಣ ಇನ್ನೊಂದು ಜಿಂಕೆ ಬಂದು ನಿಲ್ಲುತ್ತದೆ. ನಮ್ಮ ಬಯಲಿನಲ್ಲಿ ಹಾಗೆ ಬರುತ್ತಿರಲಿಲ್ಲ. ಈಗ ನೀವು ಆಟ ನಿಲ್ಲಿಸಿ ಕೇಳುತ್ತಿದ್ದೀರಲ್ಲ, "ಅಜ್ಜೀ, ಆ ಜಿಂಕೆ ನೋಡ್ಲಿಕ್ಕೆ ಹೇಗಿತ್ತು?" ಅಂತ. ನನಗೆ ಗೊತ್ತಿಲ್ಲ ಮಕ್ಕಳೇ. ನಾವು ಯಾರೂ ಅದನ್ನು ನೋಡಲೇ ಇಲ್ಲ. ಕಣ್ಣಿಂದ ಕಾಣದ ಆ ಒಂದು ಜಿಂಕೆಗಾಗಿ ನನ್ನ ಅಮ್ಮ ನಮ್ಮೆಲ್ಲರ ಅನ್ನವನ್ನು ಪಣಕ್ಕಿಟ್ಟಳು, ಅಪ್ಪ ಒಂದಕ್ಷರವನ್ನೂ ಬದಲಿಸಲಿಲ್ಲ.