ಹೆಸರಷ್ಟೇ ಉಳಿದ ಫೋಲ್ಡರ್

ಎರಡು ವರ್ಷದ ಹಿಂದೆ ನಾನು ಬೆಟಗೇರಿಯ ಒಂದು ಸೀರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವನು. ಕೆಲಸ ಮಾಡುತ್ತಲೇ ಕಲಿತೆ. ಅಲ್ಲಿಯೇ ನನ್ನ ತಂಗಿ ಶೈಲಾ ಅಂಚು, ಸೆರಗುಗಳ ನಕ್ಷೆ ಬಿಡಿಸುತ್ತಿದ್ದಳು. ತಿದ್ದಿದ ನಕ್ಷೆಗಳನ್ನೆಲ್ಲ ಕಾರ್ಖಾನೆ ತನಗೆ ಕೊಟ್ಟಿದ್ದ ಲ್ಯಾಪ್‌ಟಾಪಿನ ಗಿಟ್‌ನಲ್ಲಿ ಇಡುತ್ತಿದ್ದಳು. ಗಿಟ್ ಎಂದರೆ ಫೈಲುಗಳ ಹಿಂದಿನ ರೂಪಗಳನ್ನೂ ಕಾಪಾಡುವ ಸಾಫ್ಟ್‌ವೇರ್. ಅದು ಕಾಯುವ ಫೋಲ್ಡರಿಗೆ ರೆಪೊಸಿಟರಿ ಎನ್ನುತ್ತಾರೆ.

ಆ ಲ್ಯಾಪ್‌ಟಾಪಿನಲ್ಲಿ ಇರುವುದನ್ನೆಲ್ಲ ಅಳಿಸಿ ಅದನ್ನು ಮಗ್ಗದ ಕೋಣೆಗೆ ಕೊಡಲು ಮಾಲೀಕರು ಹೇಳಿದರು. ನಾನು ಶೈಲಾಳ ರೆಪೊಸಿಟರಿಯನ್ನು ಇಡಿಯಾಗಿ ಕಾರ್ಖಾನೆಯ ದೊಡ್ಡ ರೆಪೊಸಿಟರಿಯೊಳಗೆ ಹಾಕಿ ಸರ್ವರಿಗೆ ಕಳಿಸಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಎಚ್ಚರಿಕೆ ಬಂದಿತ್ತು. ಅರ್ಥವಾಗಲಿಲ್ಲ, ಯಾರನ್ನಾದರೂ ಕೇಳಲು ನಾಚಿಕೆ. ಎಚ್ಚರಿಕೆಯನ್ನು ಪರದೆಯಿಂದ ಸರಿಸಿಬಿಟ್ಟೆ.

"ಅಣ್ಣಾ, ಎಲ್ಲಾ ಸರ್ವರ್‌ಗೆ ಏರೇತೇನು?"

"ಫೋಲ್ಡರಿನ ಹೆಸರು ಕಾಣಾಕತ್ತೈತಲ್ಲ."

"ತಗದರ ನೋಡೋ ಮಾರಾಯಾ."

"ನನಗ ಕಲಸಾಕ ಬರಬ್ಯಾಡ. ದೊಡ್ಡ ಇಂಜಿನಿಯರ್ ಬಂದ್ಲು!"

ತೆರೆದು ನೋಡದೆ ಲ್ಯಾಪ್‌ಟಾಪ್ ಅಳಿಸಿದೆ.

ಒಂದು ರೆಪೊಸಿಟರಿಯೊಳಗೆ ಇನ್ನೊಂದನ್ನು ಹೀಗೆ ಸೇರಿಸಿದರೆ ಹೊರಗಿನದು ಒಳಗಿನ ಫೈಲುಗಳನ್ನು ತೆಗೆದುಕೊಳ್ಳುವುದಿಲ್ಲ. ಒಂದು ಗುರುತಿನ ಸಂಖ್ಯೆಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಎಚ್ಚರಿಕೆ ಹೇಳಿದ್ದು ಅದನ್ನೇ. ಮರುದಿನ ಸರ್ವರಿನಿಂದ ಶೈಲಾಳ ಹೊಸ ಕಂಪ್ಯೂಟರಿಗೆ ಇಳಿಸಿಕೊಂಡಾಗ ಫೋಲ್ಡರ್ ಬಂತು, ಒಳಗೆ ಏನೂ ಇರಲಿಲ್ಲ. ಮೂರು ವರ್ಷ ಕೂತು ಬಿಡಿಸಿದ ನಲವತ್ತೊಂದು ನಕ್ಷೆಗಳು ಹೋಗಿದ್ದವು.

ಇಲ್ಲಿಯವರೆಗಿನದು ತಪ್ಪು. ಮುಂದಿನದು ಹೊಲಸು. ಮಾಲೀಕರು ಕೇಳಿದಾಗ ನಾನು, "ಅಕಿ ಸೇವ್ ಮಾಡಿದ್ದಿಲ್ರಿ. ಖಾಲಿ ಫೋಲ್ಡರ್ ಕೊಟ್ಟಾಳ," ಎಂದೆ.

ಶೈಲಾ ನನ್ನನ್ನೇ ನೋಡಿದಳು. ಜಗಳ ತೆಗೆಯುತ್ತಾಳೆ ಅಂದುಕೊಂಡೆ. ಅವಳು ನಂಬಿಬಿಟ್ಟಳು. "ಅಣ್ಣಗ ಗೊತ್ತಿರತೈತ್ರಿ. ನಂದ ತಪ್ಪಾಗಿರಬೇಕು."

ನಕ್ಷೆಯ ಕೆಲಸ ಬೇರೆಯವರಿಗೆ ಹೋಯಿತು. ಅವಳನ್ನು ಸೀರೆ ಮಡಿಸಲು ಕೂರಿಸಿದರು. ಐದು ತಿಂಗಳು ದಿನಾಲೂ ಅವಳ ಎದುರು ಬುತ್ತಿ ಬಿಚ್ಚಿ ರೊಟ್ಟಿ ತಿಂದೆ.

ಕೊನೆಗೆ, ಅಳಿಸಿದ್ದು ಮರಳಿ ಸಿಗುತ್ತದೇನೋ ಎಂದು, ಮಗ್ಗದ ಕೋಣೆಯಿಂದ ಆ ಲ್ಯಾಪ್‌ಟಾಪನ್ನು ಗದಗಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು, "ಅವತ್ತ ತಂದಿದ್ರ ಏನರ ಸಿಗತಿತ್ರಿ. ಐದು ತಿಂಗಳು ಅದರ ಮ್ಯಾಲೆ ಬ್ಯಾರೆ ತುಂಬೀರಿ, ಏನು ಉಳೀತೈತಿ?" ಎಂದ. ನಕ್ಷೆಗಳನ್ನು ಪೂರ್ತಿ ಕೊಂದದ್ದು ಗಿಟ್ ಅಲ್ಲ, ನನ್ನ ಸುಳ್ಳು.

ಮೊದಲು ಮಾಲೀಕರಿಗೆ, ಆಮೇಲೆ ಶೈಲಾಳಿಗೆ ಹೇಳಿದೆ. ಅವಳು ಬೈಯಲಿಲ್ಲ. "ಐದು ತಿಂಗಳು ನನ್ನ ಕೈ ಮ್ಯಾಲೆ ನನಗ ನಂಬಿಕಿ ಇದ್ದಿಲ್ಲೋ ಅಣ್ಣಾ," ಎಂದಳು.

ತಪ್ಪನ್ನು ಆದ ದಿನವೇ ಹೇಳಿದರೆ ಅದಕ್ಕೆ ರಿಪೇರಿ ಇರುತ್ತದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಾನು ಹೇಳಿದ್ದು ಯಾರಿಗೂ ಉಪಯೋಗವಿಲ್ಲದ ದಿನ, ನನ್ನ ಎದೆಯ ಭಾರ ಇಳಿಯಲಿ ಎಂದು.